ಸೋರಿಕೆ ನಿಲ್ಲಿಸುವವನ ಮನೆಗಾಡಿ

ಸೋರುವುದನ್ನು ನಿಲ್ಲಿಸುವುದು ನನ್ನ ಕೆಲಸವಾಗಿತ್ತು. ಕುವೈತಿನ ಮೀನಾ ಅಬ್ದುಲ್ಲಾದ ಎಣ್ಣೆ ರಿಫೈನರಿಯ ಆ ಪೈಪುಗಳ ಕಾಡಿನಲ್ಲಿ ಯಾವ ಪಂಪು ಎಣ್ಣೆ ಕಾರುತ್ತದೋ ಅಲ್ಲಿಗೆ ನನ್ನನ್ನು ಕಳಿಸುತ್ತಿದ್ದರು. ಪಂಪು ಬಿಚ್ಚುವುದು, ಸವೆದ ಸೀಲು ತೆಗೆಯುವುದು, ಹೊಸದು ಕೂರಿಸುವುದು, ಒಂದು ಹನಿಯೂ ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ಒರೆಸಿಕೊಳ್ಳುವುದು. ಮೂವತ್ತು ವರ್ಷ ಇದನ್ನೇ ಮಾಡಿದೆ. ಈಗ ನನ್ನ ಜಾಗದಲ್ಲಿ ಕೆಲಸ ನೋಡಿಕೊಳ್ಳುತ್ತಿರುವ ವಿಜಯಪುರದ ಹುಡುಗಿ ಸಹನಾ ಮೊನ್ನೆ ಫೋನ್ ಮಾಡಿ, “ಅಂಕಲ್, ಹೊಸಾ ಹುಡುಗರು ಬಂದಾರ. ಕೆಲಸಾ ಖರೇನ ಹೆಂಗ ಇರ್ತದ ಅಂತ ಅವರಿಗೆ ನಾಕ್ ಮಾತು ಬರದ ಕೊಡ್ರಿ. ಮ್ಯಾನ್ಯುಯಲ್‌ನ್ಯಾಗ ಇಲ್ಲದ್ದು ಬರೀರಿ” ಎಂದಳು.

ಮ್ಯಾನ್ಯುಯಲ್‌ನಲ್ಲಿ ಇಲ್ಲದ್ದು ಬೇಕಾದಷ್ಟಿದೆ. ಅದರಲ್ಲಿ ದೊಡ್ಡ ಪಾಠ ಕಲಿತದ್ದು ಮಾತ್ರ ನಿವೃತ್ತನಾದ ಮೇಲೆ, ಒಂದು ಮನೆಗಾಡಿಯಲ್ಲಿ. ಆದ್ದರಿಂದ ಅದನ್ನೂ ಸೇರಿಸಿಯೇ ಹೇಳುತ್ತೇನೆ.

ನಾನು ನಿವೃತ್ತನಾದರೂ ನನ್ನ ಹೆಂಡತಿ ವಿಜಯಾಳ ಸೇವೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಫಹಾಹೀಲ್ ಹತ್ತಿರದ ಒಂದು ಭಾರತೀಯ ಶಾಲೆಯಲ್ಲಿ ಆಕೆ ಗಣಿತದ ಟೀಚರು. ಹಾಗಾಗಿ ನಾವು ಇಲ್ಲೇ ಉಳಿದೆವು. ಅರವತ್ತು ದಾಟಿದವನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮಾಡಿಸಿದ ಕಥೆ ಬೇರೆಯೇ ಇದೆ, ಅದನ್ನು ಹೇಳಲು ಹೋದರೆ ಪಂಪಿನ ಕಥೆ ಉಳಿಯುವುದಿಲ್ಲ.

ಬೆಳಿಗ್ಗೆ ವಿಜಯಾಳನ್ನು ಶಾಲೆಗೆ ಬಿಟ್ಟು ಬಂದರೆ ಮಧ್ಯಾಹ್ನದವರೆಗೆ ನನಗೆ ಕೆಲಸವಿಲ್ಲ. ಮೊದಲ ತಿಂಗಳು ಮನೆಯಲ್ಲಿದ್ದ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿದೆ. ಎರಡನೇ ತಿಂಗಳು ಅಕ್ಕಪಕ್ಕದ ಫ್ಲಾಟಿನವರ ನಲ್ಲಿಗಳನ್ನು ಬಿಚ್ಚಿದೆ. ಮೂರನೇ ತಿಂಗಳು, ಕಟ್ಟಡದ ಕಾವಲುಗಾರ ನನ್ನನ್ನು ಕಂಡರೆ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳತೊಡಗಿದಾಗ, ಮೀನಾ ಅಬ್ದುಲ್ಲಾದ ಒಂದು ಯಾರ್ಡಿನಲ್ಲಿ ನಿಂತಿದ್ದ ಆ ಗಾಡಿ ಕಣ್ಣಿಗೆ ಬಿತ್ತು. ಯಾರೋ ಅಮೆರಿಕದಿಂದ ತರಿಸಿ, ನಾಲ್ಕು ಚಳಿಗಾಲ ಓಡಿಸಿ, ಬೇಸರ ಬಂದು ಬಿಟ್ಟುಹೋದ ಹಳೆಯ ಮೋಟರ್‌ಹೋಮ್. ಒಳಗೆ ಎರಡು ಹಾಸಿಗೆ, ಒಂದು ಒಲೆ, ಒಂದು ಸಿಂಕು, ಕಾಲು ಚಾಚಲಾಗದ ಒಂದು ಬಚ್ಚಲು, ಮತ್ತು ಪಾರಿವಾಳದ ಒಂದು ಸಂಸಾರ. ಕುವೈತಿಗಳು ಚಳಿಗಾಲ ಬಂತೆಂದರೆ ಮರುಭೂಮಿಯಲ್ಲಿ ಟೆಂಟು ಹಾಕಿಕೊಂಡು ವಾಸಕ್ಕೆ ಹೋಗುತ್ತಾರೆ. ನಾವು ಮೂವತ್ತು ವರ್ಷ ಇದೇ ದೇಶದಲ್ಲಿದ್ದು ಮರುಭೂಮಿಯನ್ನು ನೋಡಿದ್ದು ಕಾರಿನ ಕಿಟಕಿಯಿಂದ ಮಾತ್ರ. ಎರಡು ವರ್ಷ ಕಳೆದರೆ ಹೊರಟೇಹೋಗುತ್ತೇವೆ. ಗಾಡಿ ಕೊಂಡುಬಿಟ್ಟೆ.

ವಿಜಯಾಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಆಕೆ ಒಂದು ಸುತ್ತು ಬಂದಳು. ಬಾಗಿಲಿನಲ್ಲಿ ಇಣುಕಿದಳು. ಪಾರಿವಾಳ ಆಕೆಯನ್ನು ನೋಡಿತು.

“ಇದರಾಗ ಮನಷ್ಯಾರು ಮಲಗ್ತಾರೇನ್ರೀ?”

“ರಿಪೇರಿ ಮಾಡ್ತೀನಿ. ಡಿಸೆಂಬರ್ ರಜಾಕ್ಕ ಹೋಗೂಣು.”

“ಯಾವ ಡಿಸೆಂಬರಿಗೆ?” ಎಂದಳು. ಗಣಿತದ ಟೀಚರು ಅಲ್ಲವೆ, ವರ್ಷ ಹೇಳದೆ ಬಿಟ್ಟದ್ದು ತಕ್ಷಣ ಗೊತ್ತಾಯಿತು.

ನನಗೆ ಜೊತೆಯಾದವರು ಲಾರೆನ್ಸ್. ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಒಂದು ಆಸ್ಪತ್ರೆಯ ಸ್ಟೋರಿನಲ್ಲಿ ಇಪ್ಪತ್ತೈದು ವರ್ಷ ಬ್ಯಾಂಡೇಜು, ಸೂಜಿ ಎಣಿಸಿ ನಿವೃತ್ತರಾದವರು. ಅವರ ಹೆಂಡತಿ ಇನ್ನೂ ನರ್ಸ್ ಕೆಲಸದಲ್ಲಿದ್ದರು. ಹೆಂಡತಿಯರು ದುಡಿಯುವ, ಗಂಡಂದಿರು ಸುತ್ತುವ ನಮ್ಮಿಬ್ಬರ ಸಂಸಾರ ಒಂದೇ ನಮೂನೆಯದು. ಲಾರೆನ್ಸ್‌ಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತಿರಲಿಲ್ಲ. ಪಟ್ಟಿ ಬರೆಯಲು ಬರುತ್ತಿತ್ತು. “ಸಾಮಾನಿನ ಲಿಸ್ಟ್ ಇಲ್ಲದೆ ಎಂಥ ಪ್ರಯಾಣ ಮಾರಾಯ್ರೆ?” ಎಂದು ಮೊದಲ ದಿನವೇ ನೂರ ಹದಿನಾಲ್ಕು ಐಟಮ್ಮುಗಳ ಪಟ್ಟಿ ತಂದರು. ಅದರಲ್ಲಿ ಮೀನು ಕತ್ತರಿಸುವ ಚಾಕು ಮೂರು ಕಡೆ ಇತ್ತು, ಟೈರು ಒಂದು ಕಡೆಯೂ ಇರಲಿಲ್ಲ.

ನವೆಂಬರಿನಿಂದ ನಮ್ಮ ದಿನಚರಿ ಹೀಗೆ: ಬೆಳಿಗ್ಗೆ ಫಹಾಹೀಲಿನ ಮಾರ್ಕೆಟ್ಟಿನಲ್ಲಿ ಹೋಸ್, ಕ್ಲಿಪ್ಪು, ರಬ್ಬರ್ ಪಟ್ಟಿ ಹುಡುಕುವುದು, ಅಲ್ಲಿಂದ ಯಾರ್ಡಿಗೆ ಹೋಗುವುದು, ನಾನು ಗಾಡಿಯ ಕೆಳಗೆ ನುಸುಳುವುದು, ಲಾರೆನ್ಸ್ ಮಡಚುವ ಕುರ್ಚಿಯಲ್ಲಿ ಕೂತು ನನ್ನ ಹಳೆಯ ಕಥೆ ಕೇಳುವುದು. ಗಾಡಿಯ ಕೆಳಗೆ ಮಲಗಿಕೊಂಡು ಕಥೆ ಹೇಳಿದರೆ ಒಂದು ಅನುಕೂಲ, ಕೇಳುವವರ ಮುಖ ಕಾಣುವುದಿಲ್ಲ. ಸುಳ್ಳು ಕಡಿಮೆಯಾಗುತ್ತದೆ.

ಅಲ್ಲಿ ಹೇಳಿದ ಮೊದಲ ಕಥೆ ನನ್ನ ಹೆಸರಿನದು. ನಾನು ಗದಗಿನ ಬಸವರಾಜ. ಮೊದಲ ದಿನ ಫೋರ್‌ಮನ್ ಹೆಸರು ಕೇಳಿದಾಗ ಉದ್ದವಾಯಿತೆಂದು ನಾನೇ “ಬಸು” ಎಂದೆ. ಮೂರನೇ ದಿನ ಕ್ರೇನಿನಿಂದ ಒಂದು ಪಂಪನ್ನು ಇಳಿಸುತ್ತಿದ್ದರು. ನಾನು ಹಗ್ಗ ಹಿಡಿದು ಪಂಪು ತಿರುಗದಂತೆ ನೋಡಿಕೊಳ್ಳಬೇಕಿತ್ತು. ಪಂಪು ಸರಿಯಾದ ಜಾಗಕ್ಕೆ ಬಂದಾಗ ಫೋರ್‌ಮನ್ ಕ್ರೇನಿನವನಿಗೆ ಕೈ ಎತ್ತಿ “ಬಸ್! ಬಸ್!” ಎಂದು ಕೂಗಿದ. ಸಾಕು, ನಿಲ್ಲಿಸು ಎಂದು ಅರ್ಥ, ಅರಬ್ಬಿಯಲ್ಲೂ ಹಿಂದಿಯಲ್ಲೂ. ನಾನು ಹಗ್ಗ ಬಿಟ್ಟು ಓಡಿಹೋಗಿ ಅವನ ಮುಂದೆ ನಿಂತು “ಎಸ್ ಸಾರ್” ಎಂದೆ. ಹಿಂದೆ ಪಂಪು ಬುಗುರಿಯಂತೆ ತಿರುಗುತ್ತಿತ್ತು. ಅವನು ಗಾಬರಿಯಿಂದ ಇನ್ನೂ ಜೋರಾಗಿ “ಬಸ್! ಬಸ್!” ಎಂದ. ನಾನು ಇನ್ನೂ ಹತ್ತಿರ ಹೋಗಿ “ಎಸ್ ಸಾರ್” ಎಂದೆ. ಅವತ್ತು ಸಂಜೆಯಿಂದ ನನ್ನ ಹೆಸರು ರಾಜು.

ಹೊಸಬರಿಗೆ ಇನ್ನೊಂದು ಮಾತು, ಕಿವಿಯ ಬಗ್ಗೆ. ನನಗೆ ಕೆಲಸ ಕಲಿಸಿದ ರಹೀಮ್ ಭಾಯಿ ಎಂಬ ಹಿರಿಯ ಫಿಟ್ಟರ್ ಪಂಪಿನ ಮೇಲೆ ಉದ್ದ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಬೇರಿಂಗಿನ ಆರೋಗ್ಯ ಹೇಳುತ್ತಿದ್ದರು. ನಾನೂ ಅದನ್ನು ಕಲಿತೆ. ಕೊನೆಕೊನೆಗೆ ಅದೇ ನನ್ನ ಜಂಬವಾಯಿತು. ಸಹನಾ ಕೆಲಸಕ್ಕೆ ಸೇರಿದಾಗ ಕೈಯಲ್ಲಿ ಒಂದು ಪುಟ್ಟ ಯಂತ್ರ ಇತ್ತು. ಅದನ್ನು ಪಂಪಿಗೆ ಅಂಟಿಸಿದರೆ ಫೋನಿನಲ್ಲಿ ಗೆರೆಗಳು ಬರುತ್ತಿದ್ದವು. ಒಂದು ದಿನ ನಾನು ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿ, “ಈ ಬೇರಿಂಗ್ ಖಲಾಸ್. ನಾಳೆ ಮುರೀತದ” ಎಂದೆ. ಆಕೆ ಗೆರೆ ನೋಡಿ, “ಇಲ್ರೀ ಅಂಕಲ್, ಇದು ಛಲೋ ಐತಿ. ಸಪ್ಪಳಾ ಬಾಜೂಕಿನ ಪಂಪಿಂದು” ಎಂದಳು.

ಇಷ್ಟು ವರ್ಷದ ಕಿವಿಗೆ ಅವಮಾನ. ಎಲ್ಲರ ಮುಂದೆ ಪಂಪು ಬಿಚ್ಚಿಸಿದೆ. ಬೇರಿಂಗು ಮದುಮಗನ ಉಂಗುರದ ಹಾಗೆ ಫಳಫಳ ಹೊಳೆಯುತ್ತಿತ್ತು. ಎರಡು ದಿನದ ಮೇಲೆ ಪಕ್ಕದ ಪಂಪು ಕೆಟ್ಟು ನಿಂತಿತು. ನಾನು ಇ.ಎನ್.ಟಿ. ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಬಲಗಿವಿಯಿಂದ ಕಡಲೆಕಾಳಿನಷ್ಟು ಗುಗ್ಗೆ ತೆಗೆದು ತೋರಿಸಿದರು. ಹಾಗೆಂದು ಸ್ಕ್ರೂಡ್ರೈವರ್ ಬಿಸಾಡಬೇಡಿ. ಆದರೆ ಯಂತ್ರ ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ, ಮೊದಲು ಕಿವಿ ತೊಳೆದುಕೊಳ್ಳಿ.

ಇದೆಲ್ಲ ನಗುವ ಕಥೆ. ಲಾರೆನ್ಸ್‌ಗೂ ಹೇಳದ ಒಂದು ಕಥೆ ಇತ್ತು. ಅದರಲ್ಲಿ ಅಬೂ ಸಾಲೆಂ ಬರುತ್ತಾರೆ.

ಅಬೂ ಸಾಲೆಂ ನಮ್ಮ ವಿಭಾಗದ ಸೇಫ್ಟಿ ಅಧಿಕಾರಿ, ಕುವೈತಿ. ಅವರು ಪರ್ಮಿಟ್ ಎಂಬ ಕಾಗದಕ್ಕೆ ಸಹಿ ಹಾಕದೆ ಯಾರೂ ಒಂದು ನಟ್ಟು ಮುಟ್ಟುವಂತಿರಲಿಲ್ಲ. ಗಾಳಿ ಜಾಸ್ತಿ ಇದೆ ಎಂದು ವಾಪಸ್ ಕಳಿಸುತ್ತಿದ್ದರು, ನಿನ್ನ ಬೂಟಿನ ಲೇಸ್ ಸಡಿಲ ಇದೆ ಎಂದು ವಾಪಸ್ ಕಳಿಸುತ್ತಿದ್ದರು. ಹಿಂದಿ, ಇಂಗ್ಲಿಷ್, ಅರಬ್ಬಿ ಮೂರನ್ನೂ ಕಲಸಿ ಮಾತಾಡುತ್ತಿದ್ದರು. ಅದನ್ನು ನಾನು ಆದಷ್ಟು ಕನ್ನಡದಲ್ಲೇ ಬರೆಯುತ್ತೇನೆ.

ಒಂದು ಸಲ ದೊಡ್ಡ ಪಂಪೊಂದರ ಸೀಲು ಬದಲಾಯಿಸಿ, ಮುಚ್ಚಿ, ಬೋಲ್ಟು ಬಿಗಿದು, ಚಹಾ ಕುಡಿಯಲು ಹೋದೆ. ಬೆವರು ಒರೆಸಲು ಜೇಬಿಗೆ ಕೈ ಹಾಕಿದರೆ ಕರವಸ್ತ್ರದ ಜೊತೆಗೆ ಒಂದು ಕಪ್ಪು ರಬ್ಬರ್ ಬಳೆ ಬಂತು. ಓ-ರಿಂಗು. ಅದು ಇರಬೇಕಾದದ್ದು ಪಂಪಿನ ಹೊಟ್ಟೆಯಲ್ಲಿ. ಮಣ್ಣಾಗಬಾರದೆಂದು ಜೇಬಿನಲ್ಲಿಟ್ಟುಕೊಂಡವನು ಮರೆತಿದ್ದೆ. ಅದಿಲ್ಲದೆ ಪಂಪು ಶುರು ಮಾಡಿದರೆ ಬಿಸಿ ಎಣ್ಣೆ ಚಿಮ್ಮುತ್ತದೆ, ಎದುರಿಗೆ ಯಾರಿದ್ದಾರೋ ಅವರ ಮೇಲೆ. ಇನ್ನು ಅರ್ಧ ಗಂಟೆಗೆ ಶುರು ಮಾಡುವವರಿದ್ದರು.

ತಪ್ಪಾಯಿತೆಂದು ಹೇಳಿಬಿಡಬಹುದಿತ್ತು. ಹೇಳಿದರೆ ಕೆಲಸ ಹೋಗುತ್ತದೆಂದು ಹೆದರಿದೆ. ವಿಜಯಾ ಊರಿನಿಂದ ಬಂದು ಆಗಿನ್ನೂ ಎರಡು ತಿಂಗಳಾಗಿತ್ತು. ಪರ್ಮಿಟ್ ಕಾಗದ ಕೈಗೆತ್ತಿಕೊಂಡೆ. ಅದರಲ್ಲಿ ಪಂಪಿನ ನಂಬರನ್ನು ಅಬೂ ಸಾಲೆಂ ಅರಬ್ಬಿ ಅಂಕಿಯಲ್ಲಿ ಬರೆದಿದ್ದರು. ಅರಬ್ಬಿಯ ಐದು ನೋಡಲು ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ. ಅವರ ಮುಂದೆ ಹೋಗಿ ಭಾರಿ ಪ್ರಾಮಾಣಿಕನ ಮುಖ ಮಾಡಿ, “ಸಾರ್, ಇಲ್ಲಿ ಐದರ ಬದಲು ಸೊನ್ನೆ ಬಿದ್ದಿದೆ. ಪರ್ಮಿಟ್ ತಪ್ಪು. ಶುರು ಮಾಡುವುದು ಬೇಡ” ಎಂದೆ.

ಅವರು ಕಾಗದ ನೋಡಿದರು. ನನ್ನನ್ನು ನೋಡಿದರು. ಕಾಗದ ಹರಿದರು. “ಹೊಸ ಪರ್ಮಿಟ್ ನಾಳೆ. ಯಲ್ಲಾ, ನಡಿ” ಎಂದರು. ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಉಳಿದು ಪಂಪು ಮತ್ತೆ ಬಿಚ್ಚಿ ಓ-ರಿಂಗು ಹಾಕಿದೆ. ಮುಂದಿನ ವಾರದ ಸೇಫ್ಟಿ ಮೀಟಿಂಗಿನಲ್ಲಿ ಅಬೂ ಸಾಲೆಂ ನನ್ನನ್ನು ಎದ್ದು ನಿಲ್ಲಿಸಿ, ಪರ್ಮಿಟ್ಟನ್ನು ಗಮನವಿಟ್ಟು ಓದಿದ ಏಕೈಕ ಮನುಷ್ಯ ಎಂದು ಹೊಗಳಿ, ಒಂದು ಥರ್ಮಾಸ್ ಫ್ಲಾಸ್ಕ್ ಬಹುಮಾನ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಫ್ಲಾಸ್ಕಿನಿಂದ ಕುಡಿದ ಒಂದು ಲೋಟ ಚಹಾವೂ ನನಗೆ ರುಚಿಸಲಿಲ್ಲ.

ಗಾಡಿಯ ಕಡೆಗೆ ಬರೋಣ. ರಿಪೇರಿ ಡಿಸೆಂಬರಿಗೆ ಮುಗಿಯಲಿಲ್ಲ. ವಿಜಯಾ ಏನೂ ಅನ್ನಲಿಲ್ಲ, ರಜೆಯಲ್ಲಿ ಮನೆಯ ಪರದೆಗಳನ್ನೆಲ್ಲ ಒಗೆದಳು. ಅದು ಅನ್ನುವುದಕ್ಕಿಂತ ಜೋರಾಗಿತ್ತು. ಜನವರಿಯಲ್ಲಿ ನಾನು ಹಠ ಹಿಡಿದು ಕೂತೆ. ಇಂಜಿನ್ ಆಯಿತು, ಬ್ರೇಕ್ ಆಯಿತು, ಸರ್ಕಾರದ ತಪಾಸಣೆಯೂ ಆಯಿತು. ಉಳಿದದ್ದು ಧೂಳು. ಇಲ್ಲಿಯ ಧೂಳಿನ ವಿಷಯ ನಿಮಗೆ ಹೇಳಬೇಕಾಗಿಲ್ಲ, ಮುಚ್ಚಿದ ಡಬ್ಬಿಯೊಳಗಿನ ಸಕ್ಕರೆಯಲ್ಲೂ ಕರಕರ ಎನ್ನುತ್ತದೆ. ಗಾಡಿಯಲ್ಲಿ ನೋಡಿದರೆ ಎಲ್ಲೆಲ್ಲೂ ತೂತು. ಒಲೆಯ ಕೆಳಗೆ ನೆಲದಲ್ಲಿ ಒಂದು ಜಾಲರಿ, ಬಾಗಿಲ ಬುಡದಲ್ಲಿ ಒಂದು, ಛಾವಣಿಯಲ್ಲಿ ಒಂದು.

“ಇದು ಯಾಕೆ ಹೀಗೆ ತೂತು ಬಿಟ್ಟಿದ್ದಾರೆ ಮಾರಾಯ್ರೆ?” ಎಂದು ಲಾರೆನ್ಸ್ ಕೇಳಿದರು.

“ಅಮೆರಿಕಾದಾಗ ಧೂಳಿಲ್ಲಲ್ಲ. ಅವರಿಗೆ ಗೊತ್ತಿಲ್ಲ” ಎಂದೆ.

ಎರಡು ವಾರ ಕೂತು ಎಲ್ಲವನ್ನೂ ಮುಚ್ಚಿದೆ. ರಬ್ಬರ್ ಪಟ್ಟಿ, ಸಿಲಿಕಾನ್ ಅಂಟು, ಅದರ ಮೇಲೆ ಅಲ್ಯುಮಿನಿಯಂ ತಗಡು. ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಆ ಗಾಡಿಗೆ ಧಾರೆ ಎರೆದೆ. ಮುಗಿದ ಮೇಲೆ ಒಳಗೆ ಒಂದು ಕಟ್ಟು ಊದಿನಕಡ್ಡಿ ಹಚ್ಚಿಟ್ಟು ಹೊರಗೆ ಬಂದು ಬಾಗಿಲು ಹಾಕಿ ಸುತ್ತ ನೋಡಿದೆವು. ಹೊಗೆಯ ಒಂದು ಎಳೆಯೂ ಹೊರಬರಲಿಲ್ಲ. ಲಾರೆನ್ಸ್ ಚಪ್ಪಾಳೆ ತಟ್ಟಿದರು. ನನ್ನ ಇಡೀ ಸೇವೆಯಲ್ಲಿ ಅಷ್ಟು ಚೆನ್ನಾಗಿ ಒಂದು ಸೀಲು ಕೂತಿರಲಿಲ್ಲ.

ಅದರ ಮರುದಿನ ಶುಕ್ರವಾರ. ಬೆಳಿಗ್ಗೆಯಿಂದ ಮಳೆ, ಕೊರೆಯುವ ಚಳಿ. ಗಾಡಿಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗದು ಎಂದುಕೊಂಡು ಇಬ್ಬರೂ ಯಾರ್ಡಿಗೆ ಹೋದೆವು. ಊಟ ಒಳಗೇ ಮಾಡುವುದೆಂದು ಲಾರೆನ್ಸ್ ಮಸಾಲೆ ಸವರಿದ ಝುಬೈದಿ ಮೀನು ತಂದಿದ್ದರು. ನಾನು ಲಿಂಗಾಯತ, ನನ್ನದು ರೊಟ್ಟಿ, ಪಲ್ಯ. ಗ್ಯಾಸ್ ಒಲೆ ಹಚ್ಚಿದೆವು. ಚಳಿಗೆ ಗ್ಯಾಸಿನ ಹೀಟರೂ ಹಚ್ಚಿದೆವು. ಬಾಗಿಲು ಭದ್ರವಾಗಿ ಹಾಕಿದೆವು. ಛಾವಣಿಯ ಮೇಲೆ ಮಳೆ, ಒಳಗೆ ಬೆಚ್ಚಗೆ. ಸ್ವರ್ಗ ಎಂದರೆ ಇಷ್ಟೇ ಅಳತೆಯದು ಅನಿಸಿತು.

ಊಟವಾದ ಮೇಲೆ ಲಾರೆನ್ಸ್ ತಲೆನೋವು ಎಂದರು. ಸ್ವಲ್ಪ ಹೊತ್ತಿಗೆ ನನ್ನೊಡನೆ ಕೊಂಕಣಿಯಲ್ಲಿ ಮಾತಾಡತೊಡಗಿದರು. ನನಗೆ ಕೊಂಕಣಿ ಬರುವುದಿಲ್ಲ. ಆದರೆ ಎಲ್ಲ ಅರ್ಥವಾದ ಹಾಗೆ ತಲೆ ಆಡಿಸುತ್ತಿದ್ದೆ, ಅದರಲ್ಲಿ ಏನೂ ವಿಚಿತ್ರ ಅನಿಸಲಿಲ್ಲ. ಅವರು ಮಾತು ನಿಲ್ಲಿಸಿ ಹಾಸಿಗೆಗೆ ಒರಗಿದರು. ಕೈಕಾಲು ಭಾರವಾಗಿ ನಾನೂ ಒರಗಿದೆ. ರೊಟ್ಟಿ ಎರಡು ಹೆಚ್ಚಾಯಿತು ಅಂದುಕೊಂಡೆ.

ಫೋನು ಹೊಡೆಯಿತು. ವಿಜಯಾ.

“ಎಷ್ಟೊತ್ತಿಗೆ ಬರ್ತೀರಿ? ಬರೂಮುಂದ ಕೊತ್ತಂಬ್ರಿ ತರ್ರಿ.”

“ಕೊತ್ತಂಬ್ರಿ... ಪಂಪಿನಾಗ ಐತಿ” ಎಂದೆನಂತೆ.

ಆಕೆ ಕ್ಲಾಸಿನ ದನಿಯಲ್ಲಿ ಕೇಳಿದಳು. “ರೀ, ಹದಿನೇಳ ಎಂಟ್ಲೆ ಎಷ್ಟು?”

ಮಗ್ಗಿಯಲ್ಲಿ ನಾನು ಆಕೆಯನ್ನೂ ಸೋಲಿಸುತ್ತೇನೆ. ನಮ್ಮ ಮದುವೆಯಾದಾಗಿನಿಂದ ಅದೊಂದೇ ವಿಷಯದಲ್ಲಿ ನನಗೆ ಗೆಲುವು. ಬಹಳ ಯೋಚಿಸಿ ಹೇಳಿದೆ. “ಬುಧವಾರ.”

“ಏಳ್ರೀ!” ಆಕೆ ಕಿರುಚಿದ್ದು ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ. “ಬಾಗಲಾ ತಗೀರಿ! ಮದ್ಲ ಬಾಗಲಾ ತಗೀರಿ! ಹೊರಗ ಹೋಗ್ರಿ! ನಾ ಹೇಳಿದ್ಹಂಗ ಮಾಡ್ರಿ!”

ಮದುವೆಯಾದಾಗಿನಿಂದ ಹೇಳಿದಂತೆ ಮಾಡಿ ಅಭ್ಯಾಸವಿದ್ದದ್ದು ಜೀವ ಉಳಿಸಿತು. ಬುದ್ಧಿ ಕೆಲಸ ಮಾಡುತ್ತಿರಲಿಲ್ಲ, ಅಭ್ಯಾಸ ಕೆಲಸ ಮಾಡಿತು. ಹಾಸಿಗೆಯಿಂದ ಉರುಳಿದೆ, ಮೊಣಕಾಲ ಮೇಲೆ ತೆವಳಿ ಬಾಗಿಲ ಹಿಡಿ ಎಳೆದೆ. ನಾನೇ ಕೂರಿಸಿದ ರಬ್ಬರು ಬಿಡಲೊಲ್ಲದು. ಭುಜ ಕೊಟ್ಟು ನೂಕಿದೆ. ಬಾಗಿಲ ಸಮೇತ ಹೊರಗಿನ ಕೆಸರಿಗೆ ಬಿದ್ದೆ. ತಣ್ಣನೆಯ ಗಾಳಿ ಎದೆಗೆ ಹೊಕ್ಕ ಮೇಲೆ ಲಾರೆನ್ಸ್ ನೆನಪಾದರು. ಎರಡನೇ ಸಲ ಒಳಗೆ ಹೋಗಲು ಕಾಲು ಒಪ್ಪಲಿಲ್ಲ. ಉಸಿರು ಬಿಗಿಹಿಡಿದು ಹೋಗಿ, ಅವರ ಕಾಲು ಹಿಡಿದು ಎಳೆದು ತಂದು ಮಳೆಯಲ್ಲಿ ಮಲಗಿಸಿದೆ. ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ. ಹೆಸರು ಹಿಡಿದು ಕೂಗಿದೆ, ಕೆನ್ನೆಗೆ ಹೊಡೆದೆ. ನನ್ನ ಜೀವಮಾನದ ಅತಿ ಉದ್ದದ ನಿಮಿಷ ಅದು. ಆಮೇಲೆ ಅವರು ಕಣ್ಣು ಬಿಟ್ಟು, “ಮಳೆಯಲ್ಲಿ ಯಾಕೆ ಮಲಗಿಸಿದ್ದೀರಿ ಮಾರಾಯ್ರೆ, ನನಗೆ ಶೀತ ಆಗುದಿಲ್ವಾ?” ಎಂದರು. ನಾನು ಅಲ್ಲೇ ಕೆಸರಿನಲ್ಲಿ ಕೂತು ಅತ್ತೆ.

ವಿಜಯಾ ಕಳಿಸಿದ ಆಂಬುಲೆನ್ಸ್ ನಮ್ಮನ್ನು ಆಸ್ಪತ್ರೆಗೆ ಒಯ್ದಿತು. ಗಾಡಿಗೆ ಒಂದು ತೂತೂ ಉಳಿಸಿಲ್ಲ ಎಂದು ಹಿಂದಿನ ರಾತ್ರಿ ನಾನು ಕೊಚ್ಚಿಕೊಂಡದ್ದು ಆಕೆಗೆ ನೆನಪಿತ್ತು. ಮುಚ್ಚಿದ ಜಾಗದಲ್ಲಿ ಬೆಂಕಿ ಉರಿದರೆ ಬಣ್ಣ, ವಾಸನೆ ಇಲ್ಲದ ವಿಷಗಾಳಿ ತುಂಬುತ್ತದೆ ಎಂಬುದು ಸೇಫ್ಟಿ ತರಬೇತಿಯ ಮೊದಲ ದಿನದ ಪಾಠ. ನಾನು ಅದನ್ನು ಮೂವತ್ತು ಸಲ ಕೇಳಿದ್ದೆ, ಹತ್ತು ಸಲ ಬೇರೆಯವರಿಗೆ ಹೇಳಿದ್ದೆ. ಮೂಗಿಗೆ ಆಮ್ಲಜನಕ ಹಚ್ಚಿದ ಕಿರಿಯ ಡಾಕ್ಟರು ವಿವರ ಬರೆದುಕೊಳ್ಳುತ್ತ ಕೇಳಿದರು, “ನಿಮ್ಮ ಕೆಲಸ ಏನಾಗಿತ್ತು?”

“ಲೀಕ್ ನಿಲ್ಲಿಸುವುದು.”

ಅವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಒಳ್ಳೆ ಕೆಲಸಗಾರರು” ಎಂದರು.

ಮನೆಗೆ ಬಂದ ಮೂರನೇ ದಿನ ವಿಜಯಾಳಿಗೆ, ಗಾಡಿ ಮಾರಿಬಿಡುತ್ತೇನೆ ಎಂದೆ. ಆಕೆ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತದೆ ಹೇಳಿದಳು. “ಮಾರೂದು ಬ್ಯಾಡ. ಮಾರಿದ್ರ ನೀವು ಇನ್ನೊಂದೇನರ ತರ್ತೀರಿ. ನಿಮ್ಮ ಅಬೂ ಸಾಲೆಂ ಇದ್ದಾರಲ್ಲ, ಅವರು ನೋಡಿ ಸಹಿ ಹಾಕಿದ್ರ ನಾ ಅದರಾಗ ಕೂಡ್ತೀನಿ. ಇಲ್ಲಾಂದ್ರ ಇಲ್ಲ.”

ಅಬೂ ಸಾಲೆಂ ನಿವೃತ್ತರಾಗಿ ವರ್ಷಗಳಾಗಿದ್ದವು. ನಾಚಿಕೆ ಬಿಟ್ಟು ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ, “ನಾಳೆ ಬೆಳಿಗ್ಗೆ ಬರುತ್ತೇನೆ. ಏನನ್ನೂ ಮುಟ್ಟಬೇಡ” ಎಂದರು.

ಬಂದರು. ಬಿಳಿ ದಿಶ್‌ದಾಶಾ ನಿಲುವಂಗಿ, ಕೈಯಲ್ಲಿ ಅದೇ ಹಳೆಯ ಕ್ಲಿಪ್‌ಬೋರ್ಡು. ಗಡ್ಡ ಪೂರ್ತಿ ಬಿಳಿಯಾಗಿತ್ತು. ಮೊದಲು ನನ್ನ ಬೂಟಿನ ಲೇಸ್ ನೋಡಿದರು. ಆಮೇಲೆ ಗಾಡಿಯೊಳಗೆ ಹೋಗಿ, ನಾನು ಬಡಿದಿದ್ದ ತಗಡುಗಳನ್ನು ಒಂದೊಂದಾಗಿ ಬೆರಳಿನಿಂದ ಕುಟ್ಟಿ ನೋಡಿದರು.

“ಬಹಳ ಚೆನ್ನಾಗಿ ಮುಚ್ಚಿದ್ದೀ. ಗೋರಿಯನ್ನು ಹೀಗೆ ಮುಚ್ಚಬೇಕು” ಎಂದರು. “ನೆಲದ ಜಾಲರಿ ಯಾಕೆ ಇತ್ತು, ರಾಜು?”

“ಧೂಳು...”

“ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ಹೊರಗೆ ಹೋಗಲಿ ಎಂದು. ಛಾವಣಿಯದು ಹೊಗೆ ಹೋಗಲಿ ಎಂದು. ಎಲ್ಲಾ ತೆಗೆ. ಹೀಟರು ಹೊರಗೆ ಬಿಸಾಡು. ಚಳಿಯಾದರೆ ಎರಡು ಕಂಬಳಿ ಹೊದೆಯಿರಿ, ಒಬ್ಬರನ್ನೊಬ್ಬರು ಬೈಯಿರಿ, ಬೆಚ್ಚಗಾಗುತ್ತದೆ.”

ಎರಡು ದಿನ ಕೂತು ನಾನೇ ಮುಚ್ಚಿದ್ದನ್ನು ನಾನೇ ತೆಗೆದೆ. ಮುಚ್ಚುವುದಕ್ಕಿಂತ ತೆಗೆಯುವುದು ಕಷ್ಟವಾಯಿತು. ವಿಷಗಾಳಿ ಬಂದರೆ ಕೂಗುವ ಒಂದು ಅಲಾರಂ ಹಾಕಿದೆ. ಅವರು ಮತ್ತೆ ಬಂದು ಊದಿನಕಡ್ಡಿ ಹಚ್ಚಿಸಿ, ಹೊಗೆ ಮೇಲಿನಿಂದ ಸರಾಗವಾಗಿ ಹೋಗುವುದನ್ನು ನಿಂತು ನೋಡಿದರು. ಆಗ ನನ್ನ ಬಾಯಿ ತಾನಾಗಿ ತೆರೆಯಿತು. ಓ-ರಿಂಗಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಐದನ್ನು ಸೊನ್ನೆ ಮಾಡಿದ್ದು, ಫ್ಲಾಸ್ಕು, ಚಪ್ಪಾಳೆ, ಎಲ್ಲ.

ಅವರಿಗೆ ಆಶ್ಚರ್ಯವಾಗಲಿಲ್ಲ. “ರಾಜು, ಐದು ಬರೆಯುವುದನ್ನು ನನ್ನ ಅಮ್ಮ ಕಲಿಸಿದ್ದು. ನಾನು ಬರೆದದ್ದು ಐದೋ ಸೊನ್ನೆಯೋ ನನಗೆ ಗೊತ್ತಾಗುವುದಿಲ್ಲವಾ?”

“ಮತ್ತೆ ಕಾಗದ ಯಾಕೆ ಹರಿದಿರಿ?”

“ನಿನ್ನ ಮುಖ ನೋಡಿದೆ. ಈ ಪಂಪನ್ನು ಮತ್ತೆ ಬಿಚ್ಚಬೇಕು ಎಂದು ಬರೆದಿತ್ತು. ಸಂಜೆ ದೂರದಿಂದ ನೋಡಿದೆ, ನೀನು ಬಿಚ್ಚುತ್ತಿದ್ದೆ. ಖಲಾಸ್. ಬಿಚ್ಚದೆ ಮನೆಗೆ ಹೋಗಿದ್ದರೆ ಮರುದಿನ ನಿನ್ನನ್ನು ವಿಮಾನ ಹತ್ತಿಸುತ್ತಿದ್ದೆ.”

“ಬಹುಮಾನ ಯಾಕೆ ಕೊಟ್ಟಿರಿ ಸಾರ್?”

ಅವರ ಗಡ್ಡದೊಳಗೆ ನಗು ಕಾಣಿಸಿತು. “ಅದು ಶಿಕ್ಷೆ. ಬೈದಿದ್ದರೆ ನೀನು ಒಂದು ವಾರದಲ್ಲಿ ಮರೆಯುತ್ತಿದ್ದೆ. ಇಷ್ಟು ವರ್ಷ ನೆನಪಿಟ್ಟುಕೊಂಡೆಯಲ್ಲ.”

ಕ್ಲಿಪ್‌ಬೋರ್ಡಿನ ಮೇಲೆ ಏನೋ ಬರೆದು ಸಹಿ ಹಾಕಿ ವಿಜಯಾಳಿಗೆ ಕೊಡಲು ಹೇಳಿದರು. ಮನೆಗೆ ಬಂದು ಆಕೆಗೆ ಓದಿ ಹೇಳಿದೆ. ಗಾಡಿ ಸುರಕ್ಷಿತ, ಚಾಲಕನನ್ನು ಗಮನಿಸುತ್ತಿರಬೇಕು ಎಂದಿತ್ತು.

ಸೇಫ್ಟಿಯವರನ್ನು ಬೈದುಕೊಳ್ಳುವ ಹೊಸ ಹುಡುಗರು ಇದನ್ನು ಓದಿದರೆ ನನಗೆ ಹೆಚ್ಚೇನೂ ಹೇಳಲಿಕ್ಕಿಲ್ಲ. ತಪ್ಪು ಮಾಡಿಯೇ ಮಾಡುತ್ತೀರಿ. ಮತ್ತೆ ಬಿಚ್ಚಿ.

ಫೆಬ್ರವರಿಯ ಎರಡನೇ ಶುಕ್ರವಾರ ಹೊರಟೆವು. ಲಾರೆನ್ಸ್ ಬರಲಿಲ್ಲ. “ನಾನು ಪಟ್ಟಿಯಲ್ಲಿ ಬರ್ತೇನೆ” ಎಂದು ಹೊಸ ಪಟ್ಟಿ ಕೊಟ್ಟರು, ಅದರಲ್ಲಿ ಮೊದಲ ಐಟಂ ಗಾಳಿ. ವಫ್ರಾ ರಸ್ತೆ ಬಿಟ್ಟು ಒಳಗೆ, ಅಬೂ ಸಾಲೆಂ ಕುಟುಂಬದ ಟೆಂಟುಗಳಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಗಾಡಿ ನಿಲ್ಲಿಸಿದೆವು. ಆ ವರ್ಷ ಮಳೆ ಚೆನ್ನಾಗಿತ್ತು. ಮರಳಿನ ಮೇಲೆ ತೆಳ್ಳಗೆ ಹಸಿರು ಎದ್ದು, ಅಲ್ಲಲ್ಲಿ ಹೆಸರು ಗೊತ್ತಿಲ್ಲದ ಹಳದಿ ಹೂವು. ವಿಜಯಾ ಚಪ್ಪಲಿ ಕಳಚಿ ಬಹಳ ದೂರ ನಡೆದುಹೋದಳು. ಇಷ್ಟು ವರ್ಷ ಫ್ಲಾಟಿನಿಂದ ಶಾಲೆ, ಶಾಲೆಯಿಂದ ಫ್ಲಾಟು. ಆಕೆ ಹಾಗೆ ಎಲ್ಲಿಗೂ ಅಲ್ಲದೆ ನಡೆಯುವುದನ್ನು ನಾನು ನೋಡಿಯೇ ಇರಲಿಲ್ಲ. ತಿರುಗಿ ಬಂದು, “ಇಲ್ಲಿ ಭಾಳ ಜಾಗಾ ಐತಲ್ರೀ” ಎಂದಳು, ಯಾರೋ ಇದುವರೆಗೆ ಮುಚ್ಚಿಟ್ಟಿದ್ದರು ಎಂಬಂತೆ.

ಶನಿವಾರ ಮಧ್ಯಾಹ್ನ ವಾಪಸ್ ಹೊರಡಬೇಕಿತ್ತು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಶಾಲೆ. ನಾನು ಸಾಮಾನು ಕಟ್ಟತೊಡಗಿದೆ. ವಿಜಯಾ ಮಡಚುವ ಕುರ್ಚಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತವಳು ಏಳಲಿಲ್ಲ.

“ಅದನ್ನ ಕಟ್ಟಬ್ಯಾಡ್ರಿ” ಎಂದಳು. “ಫೋನ್ ಕೊಡ್ರಿಲ್ಲೆ.”

ಆಕೆ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಸುಳ್ಳು ಹೇಳಿ ರಜೆ ಹಾಕಿದವಳಲ್ಲ. ಜ್ವರದಲ್ಲೂ ಶಾಲೆಗೆ ಹೋಗಿ, ಹೋಂವರ್ಕ್ ಮಾಡದವರನ್ನು ನಿಲ್ಲಿಸಿದವಳು. ನಂಬರ್ ಒತ್ತಿ, ಗಂಟಲು ಸರಿಮಾಡಿಕೊಂಡು, ತೀರ ಸೋತ ದನಿ ತಂದಳು.

“ಪ್ರಿನ್ಸಿಪಾಲ್ ಮೇಡಂ, ಗುಡ್ ಆಫ್ಟರ್‌ನೂನ್. ಐ ಆಮ್ ನಾಟ್ ವೆಲ್ ಮೇಡಂ. ಹೈ ಫೀವರ್. ಟುಮಾರೋ ಐ ಕಾಂಟ್ ಕಮ್... ಎಸ್ ಮೇಡಂ, ಐ ಆಮ್ ಇನ್ ಬೆಡ್ ಓನ್ಲಿ.”

ಆ ಹೊತ್ತಿಗೆ ಸರಿಯಾಗಿ, ಗಾಡಿಯ ಹಿಂದೆ ಹಸಿರು ಮೇಯುತ್ತಿದ್ದ ಒಂಟೆಯೊಂದು ಕತ್ತು ಚಾಚಿ ಗರಗರ ಗಂಟಲಿನಿಂದ ದೀರ್ಘವಾಗಿ ಒರಲಿತು. ಫೋನಿನ ಆ ಕಡೆಯಿಂದ ಏನೋ ಪ್ರಶ್ನೆ ಬಂತು. ನಾನು ಕಟ್ಟುತ್ತಿದ್ದ ಹಗ್ಗ ಕೈಬಿಟ್ಟೆ. ವಿಜಯಾ ಒಂಟೆಯನ್ನು ನೋಡಿದಳು. ನನ್ನನ್ನು ನೋಡಿದಳು. ಕಣ್ಣು ಕೂಡ ಮಿಟುಕಿಸದೆ ಹೇಳಿದಳು.

“ದಟ್ ಈಸ್ ಮೈ ಹಸ್ಬೆಂಡ್, ಮೇಡಂ. ಹೀ ಈಸ್ ಆಲ್ಸೋ ನಾಟ್ ವೆಲ್.”